ಹೊಸದಾಗಿ ಬಂದ ನಿರಾಶ್ರಿತರಿಗೆ ಸರ್ಕಾರಿ ಆಸ್ಪತ್ರೆಯ ದಾರಿ

ಈ ಲೇಖನವನ್ನು ನಿರಾಶ್ರಿತರೇ ಓದುವ ಸಾಧ್ಯತೆ ಕಡಿಮೆ. ನಿನ್ನೆ ಮೊನ್ನೆ ಬಂದವರಿಗೆ ಕನ್ನಡ ಓದಲು ಎಲ್ಲಿ ಬರುತ್ತದೆ? ಓದಬೇಕಾದವರು ಅವರ ಸುತ್ತಲಿನ ನಾವು: ಶೆಡ್ಡು ಬಾಡಿಗೆಗೆ ಕೊಟ್ಟವರು, ಕೂಲಿಗೆ ಕರೆದ ಮೇಸ್ತ್ರಿ, ಆಯ್ದ ಚಿಂದಿಯನ್ನು ಕೊಳ್ಳುವ ಗುಜರಿ ಅಂಗಡಿಯವರು, ಮಕ್ಕಳನ್ನು ಶಾಲೆಗೆ ಸೇರಿಸಲು ಓಡಾಡುವ ಮೇಷ್ಟ್ರು, ಆ ಬೀದಿಯ ಆಶಾ ಕಾರ್ಯಕರ್ತೆ, ಪಿಎಚ್‌ಸಿಯ ನರ್ಸ್. ರಾತ್ರಿ ಮಗುವಿಗೆ ಜ್ವರ ಏರಿದರೆ ಆ ಕುಟುಂಬ ಬಾಗಿಲು ತಟ್ಟುವುದು ಇಂಥವರದೇ. ಎಲ್ಲಿಗೆ ಕಳುಹಿಸಬೇಕು, ಕೌಂಟರಿನಲ್ಲಿ ಏನು ಹೇಳಬೇಕು, ಯಾವುದು ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬುದು ನಮಗೆ ಗೊತ್ತಿದ್ದರೆ ಅವರ ಅರ್ಧ ಅಲೆದಾಟ ತಪ್ಪುತ್ತದೆ.

ಕರ್ನಾಟಕಕ್ಕೆ ನಿರಾಶ್ರಿತರು ಹೊಸಬರಲ್ಲ. 1960ರಲ್ಲೇ ಬೈಲುಕುಪ್ಪೆಯಲ್ಲಿ ಟಿಬೆಟನ್ನರಿಗೆ ನೆಲೆ ಸಿಕ್ಕಿತು. ಆಮೇಲೆ ಮುಂಡಗೋಡ, ಹುಣಸೂರಿನ ಗುರುಪುರ, ಕೊಳ್ಳೇಗಾಲ ಕಡೆಯ ಒಡೆಯರಪಾಳ್ಯ. ಅವರಿಗೆ ಸರ್ಕಾರವೇ ಕೊಡುವ ನೋಂದಣಿ ಪತ್ರವಿದೆ. ಬೈಲುಕುಪ್ಪೆ, ಮುಂಡಗೋಡಗಳಲ್ಲಿ ಸಮುದಾಯದ್ದೇ ಆಸ್ಪತ್ರೆಗಳೂ ಇವೆ. ಈಚೆಗೆ ಬಂದವರ ಸ್ಥಿತಿ ಬೇರೆ. ಬೆಂಗಳೂರಿನ ಅಂಚಿನ ಜೋಪಡಿಗಳಲ್ಲಿ ಚಿಂದಿ ಆಯ್ದು ಬದುಕುವ ರೋಹಿಂಗ್ಯಾ ಕುಟುಂಬಗಳಿವೆ. ಓದಲೆಂದು ಬಂದು, ತಮ್ಮ ದೇಶದಲ್ಲಿ ಆಡಳಿತ ಬದಲಾಗಿಯೋ ಯುದ್ಧ ಶುರುವಾಗಿಯೋ ಹಿಂದಿರುಗಲಾಗದೆ ಉಳಿದ ಅಫ್ಘನ್ನರೂ ಇದ್ದಾರೆ, ಬೇರೆ ದೇಶದವರೂ ಇದ್ದಾರೆ.

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ನಮ್ಮಲ್ಲಿ ಕಾನೂನಿಲ್ಲ. ಟಿಬೆಟನ್ನರು ಮತ್ತು ಶ್ರೀಲಂಕಾ ತಮಿಳರ ಹೊಣೆಯನ್ನು ಸರ್ಕಾರ ನೇರವಾಗಿ ಹೊತ್ತಿದೆ. ಉಳಿದವರ ಅರ್ಜಿಯನ್ನು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನ್, ಅಂದರೆ ಯುಎನ್‌ಎಚ್‌ಸಿಆರ್, ದೆಹಲಿಯ ಕಚೇರಿಯಲ್ಲಿ ಪರಿಶೀಲಿಸಿ ಕಾರ್ಡು ಕೊಡುತ್ತದೆ. ಅರ್ಜಿ ಇನ್ನೂ ತೀರ್ಮಾನವಾಗದವರ ಕೈಯಲ್ಲಿ 'ಪರಿಶೀಲನೆಯಲ್ಲಿದೆ' ಎಂಬ ಪ್ರಮಾಣಪತ್ರ ಇರುತ್ತದೆ. ಈ ಕಾಗದಗಳು ಆಧಾರ್ ಅಲ್ಲ, ವೀಸಾ ಅಲ್ಲ, ಸರ್ಕಾರಿ ಗುರುತಿನ ಚೀಟಿಯ ಬಲವೂ ಅವಕ್ಕಿಲ್ಲ. ಆದರೂ ಆಸ್ಪತ್ರೆಗೆ ಹೋಗುವಾಗ ಜೊತೆಗಿರಲೇಬೇಕು. ಯಾಕೆಂದು ಮುಂದೆ ಹೇಳುತ್ತೇನೆ.

ಹೊರೆಯಂತೆ ಕಾಣುವ ಈ ಪೀಠಿಕೆಯ ನಡುವೆ ಮರೆಯಬಾರದ ಸಂಗತಿ ಒಂದಿದೆ. ನಮ್ಮ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯಲ್ಲಿ ಎರಡು ಬಗೆಯ ಸೇವೆಗಳಿವೆ. ಲಸಿಕೆ, ಕ್ಷಯ, ಎಚ್‌ಐವಿ, ಹೆರಿಗೆ, ತುರ್ತು ಚಿಕಿತ್ಸೆ ಒಂದು ಬಗೆ. ಇವು ಕಾಯಿಲೆಯ ಹಿಂದೆ ಹೋಗುತ್ತವೆ, ಪೌರತ್ವದ ಹಿಂದೆ ಹೋಗುವುದಿಲ್ಲ. ಬೀದಿಯಲ್ಲಿ ಒಬ್ಬರಿಗೆ ಕ್ಷಯದ ಔಷಧ ತಪ್ಪಿದರೆ ಇಡೀ ಬೀದಿಯ ಕ್ಷಯ ನಿಯಂತ್ರಣ ವಿಫಲವಾಗುವುದರಿಂದ ಈ ಕಾರ್ಯಕ್ರಮಗಳನ್ನು ಹಾಗೆಯೇ ಕಟ್ಟಿದ್ದಾರೆ. ಇನ್ನೊಂದು ಬಗೆ ವಿಮಾ ಯೋಜನೆಗಳು ಮತ್ತು ನಗದು ನೆರವು. ಅಲ್ಲಿ ರೇಷನ್ ಕಾರ್ಡು, ಆಧಾರ್, ಬ್ಯಾಂಕ್ ಖಾತೆ ಬೇಕು. ಹೊಸದಾಗಿ ಬಂದ ಕುಟುಂಬ ಮೊದಲ ಬಗೆಯ ಸೇವೆಯಿಂದ ಶುರು ಮಾಡಬೇಕು. ಎರಡನೆಯದನ್ನು ಕೇಳಿ ಒಮ್ಮೆ 'ಇಲ್ಲ' ಅನ್ನಿಸಿಕೊಂಡವರು ಮೊದಲನೆಯದಕ್ಕೂ ಹೋಗದೆ ಉಳಿದುಬಿಡುತ್ತಾರೆ. ಹೆಚ್ಚಿನ ಅನಾಹುತ ಆಗುವುದು ಅಲ್ಲಿಯೇ.

ಹೆಸರು, ವಯಸ್ಸು, ಕಾಗದ

ಮೊದಲ ವಾರದಲ್ಲಿ ಮಾಡಬೇಕಾದ ಕೆಲಸ ಹೆಸರನ್ನು ಒಂದೇ ರೀತಿ ಬರೆಯಿಸುವುದು. ಬರ್ಮೀಯರಿಗೆ ಕುಲನಾಮ ಇರುವುದಿಲ್ಲ. ಅಫ್ಘನ್ನರಲ್ಲಿ ಒಂದೇ ಪದದ ಹೆಸರಿರುವವರು ಬಹಳ. ಟಿಬೆಟನ್ನರಲ್ಲಿ ದಲೈಲಾಮಾ ಅವರ ಹೆಸರಿನಿಂದ ಬಂದ 'ತೆನ್ಜಿನ್' ಎಷ್ಟು ಮಂದಿಗಿದೆಯೆಂದರೆ, ಅದೊಂದರಿಂದಲೇ ಹುಡುಕಿದರೆ ಆಸ್ಪತ್ರೆಯ ದಾಖಲೆಯಲ್ಲಿ ಯಾರ ರಕ್ತದ ವರದಿ ಯಾರ ಕಡತಕ್ಕೆ ಸೇರುತ್ತದೋ ಹೇಳಲಾಗದು. ಕೌಂಟರಿನ ಹುಡುಗ ಕಿವಿಗೆ ಬಿದ್ದಂತೆ ಬರೆದುಕೊಳ್ಳುತ್ತಾನೆ, ಅದು ಅವನ ತಪ್ಪೂ ಅಲ್ಲ. ಹಾಗಾಗಿ ಯುಎನ್‌ಎಚ್‌ಸಿಆರ್ ಕಾರ್ಡಿನಲ್ಲಿ ಇರುವ ಕಾಗುಣಿತವನ್ನೇ ದೊಡ್ಡ ಅಕ್ಷರದಲ್ಲಿ ಚೀಟಿಯೊಂದರಲ್ಲಿ ಬರೆದು, ಪ್ರತಿ ಸಲ ಅದನ್ನೇ ತೋರಿಸಲು ಹೇಳಿಕೊಡಿ. ತಂದೆಯ ಹೆಸರು ಮತ್ತು ಒಂದೇ ಫೋನ್ ನಂಬರು ಅದರ ಕೆಳಗಿರಲಿ.

ಹುಟ್ಟಿದ ದಿನಾಂಕದ್ದೂ ತೊಂದರೆಯೇ. ದಿನಾಂಕ ಗೊತ್ತಿಲ್ಲದವರಿಗೆ ಕಾಗದಪತ್ರಗಳಲ್ಲಿ ಜನವರಿ 1 ಎಂದು ಹಾಕುವುದು ರೂಢಿ. ದೊಡ್ಡವರಿಗೆ ಇದರಿಂದ ಬಾಧಕವಿಲ್ಲ. ಲಸಿಕೆಗೆ ಬಂದ ಮಗುವಿಗೆ ಮಾತ್ರ ಎಂಟು ಒಂಬತ್ತು ತಿಂಗಳ ವ್ಯತ್ಯಾಸ ಬಹಳವಾಗುತ್ತದೆ. ಕಾರ್ಡಿನಲ್ಲಿರುವುದನ್ನು ನೋಡಿದ ಮೇಲೂ ತಾಯಿಯನ್ನು ಕೇಳಿ: ಮಳೆಗಾಲದಲ್ಲಿ ಹುಟ್ಟಿತೇ, ರಂಜಾನಿಗೆ ಮುಂಚೆಯೇ, ಊರು ಬಿಡುವಾಗ ಅಂಬೆಗಾಲಿಡುತ್ತಿತ್ತೇ? ತಿಂಗಳ ಅಂದಾಜು ಸಿಗುತ್ತದೆ. ಅದನ್ನು ನರ್ಸಿಗೆ ತಿಳಿಸಿ.

ಇನ್ನೊಬ್ಬರ ಆಧಾರ್ ಕೊಟ್ಟು ಚೀಟಿ ಮಾಡಿಸಲು ಸಹಾಯ ಮಾಡಬೇಡಿ. ಕರುಣೆಯಿಂದಲೇ ಹೀಗೆ ಮಾಡುವವರಿದ್ದಾರೆ. ಅದು ಕಾನೂನಿನ ಪ್ರಕಾರ ಅಪರಾಧ, ಮತ್ತು ಚಿಕಿತ್ಸೆಗೂ ಅಪಾಯ. ಬೇರೊಬ್ಬಳ ಹೆಸರಿನಲ್ಲಿ ಹೆರಿಗೆಯಾದರೆ ಹುಟ್ಟಿದ ಮಗುವಿನ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರೇ ತಪ್ಪಾಗುತ್ತದೆ. ಆ ಕಾಗದ ಸರಿಪಡಿಸಲು ವರ್ಷಗಳು ಬೇಕು.

ಆಧಾರ್ ಇಲ್ಲ ಎಂದು ನೇರವಾಗಿ ಹೇಳಿ, ಯುಎನ್‌ಎಚ್‌ಸಿಆರ್ ಕಾರ್ಡನ್ನೋ ಇರುವ ಬೇರೆ ಯಾವುದಾದರೂ ಗುರುತನ್ನೋ ತೋರಿಸಿ. ಕಾರ್ಡು ಜೊತೆಗಿರಲಿ ಎಂದದ್ದು ಇದಕ್ಕೇ. ಮೊಬೈಲಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಎನ್ನುವ ಕಡೆ ಕೈಬರಹದ ಸಾಲಿಗೆ ನಿಲ್ಲಿ. ಆಭಾ ಆರೋಗ್ಯ ಸಂಖ್ಯೆ ಐಚ್ಛಿಕ, ಕಡ್ಡಾಯವಲ್ಲ. ಮಕ್ಕಳ ವಿಷಯದಲ್ಲಿ ಇನ್ನೂ ಗಟ್ಟಿಯಾಗಿ ಮಾತಾಡಬಹುದು. ಆಧಾರ್ ತೋರಿಸಲಾಗದ ಕಾರಣಕ್ಕೆ ಯಾವ ಮಗುವಿಗೂ ಯೋಜನೆಯ ಲಾಭ ನಿರಾಕರಿಸಬಾರದೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನಲ್ಲಿ ಹೇಳಿದೆ. ಆ ಮೊಕದ್ದಮೆಯ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು.

ಅಹಿತಕರವಾದ ಒಂದು ವಿಷಯವನ್ನೂ ಮುಚ್ಚಿಡಬಾರದು. 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆಯ ಪ್ರಕಾರ ವಿದೇಶಿಯರು ಒಳರೋಗಿಯಾಗಿ ದಾಖಲಾದರೆ ಆಸ್ಪತ್ರೆ ಆ ಮಾಹಿತಿಯನ್ನು ನೋಂದಣಿ ಅಧಿಕಾರಿಗೆ ಕೊಡಬೇಕು. ಮನೆ ಬಾಡಿಗೆಗೆ ಕೊಟ್ಟವರಿಗೂ ಮಾಹಿತಿ ಕೊಡುವ ಹೊಣೆಯಿದೆ. ಪೊಲೀಸರ ಭಯದಿಂದ ಹೆರಿಗೆಯನ್ನು ಜೋಪಡಿಯಲ್ಲೇ ಮಾಡಿಸಿಕೊಳ್ಳುವವರಿಗೆ ಈ ಭಯ ಸುಳ್ಳು ಎಂದು ಹೇಳಲು ಬರುವುದಿಲ್ಲ. ಹೇಳಬಹುದಾದದ್ದು ಇಷ್ಟು: ಮಾಹಿತಿ ಕೊಡುವುದು ಆಸ್ಪತ್ರೆಯ ಕಚೇರಿ ಕೆಲಸ, ಚಿಕಿತ್ಸೆ ನಿಲ್ಲಿಸಲು ಅದು ಕಾರಣವಾಗದು. ಕಾಗದದ ತೊಡಕು ಇರುವವರು ಕಾಯಿಲೆ ಬೀಳುವ ಮುಂಚೆಯೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಲಿ. ಹೆಣ್ಣುಮಕ್ಕಳಿಗೆ ಮತ್ತು ಮಕ್ಕಳಿಗೆ ಅಲ್ಲಿ ವಕೀಲರ ನೆರವು ಉಚಿತ. ಸಹಾಯವಾಣಿ 15100.

ಗುರುವಾರದ ಲಸಿಕೆ

ಹೊಸ ಕುಟುಂಬವನ್ನು ಆರೋಗ್ಯ ಕೇಂದ್ರಕ್ಕೆ ಪರಿಚಯಿಸಲು ಅತ್ಯಂತ ಸುಲಭವಾದ ದಾರಿ ಮಕ್ಕಳ ಲಸಿಕೆ. ಕರ್ನಾಟಕದಲ್ಲಿ ಗುರುವಾರ ಲಸಿಕೆಯ ದಿನ. ಪಿಎಚ್‌ಸಿಯಲ್ಲಿ, ನಗರವಾದರೆ ನಗರ ಆರೋಗ್ಯ ಕೇಂದ್ರದಲ್ಲಿ, ಕೆಲವು ಕಡೆ ಅಂಗನವಾಡಿಯಲ್ಲೇ ಹಾಕುತ್ತಾರೆ. ಖರ್ಚಿಲ್ಲ. ಜೋಪಡಿಯ ಸಾಲು ಸರ್ವೆಯಲ್ಲಿ ಬಿಟ್ಟುಹೋಗಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಆಕೆಯ ಪಟ್ಟಿಗೆ ಆ ಮನೆಗಳು ಸೇರಿದ ಮೇಲೆ ಮುಂದಿನ ಎಷ್ಟೋ ಕೆಲಸ ತಾನಾಗಿ ಆಗುತ್ತದೆ.

ಹಿಂದಿನ ಲಸಿಕೆ ಕಾರ್ಡು ಗಡಿ ದಾಟುವಾಗ ಕಳೆದುಹೋಗಿರುತ್ತದೆ. ದಾಖಲೆ ಇಲ್ಲದಿದ್ದರೆ ಮಗುವಿಗೆ ಲಸಿಕೆ ಆಗಿಲ್ಲವೆಂದೇ ಲೆಕ್ಕ ಹಿಡಿದು ಕೊಡುವುದು ಪದ್ಧತಿ. ಒಂದು ಡೋಸ್ ಹೆಚ್ಚಾದರೆ ಸಾಮಾನ್ಯವಾಗಿ ಹಾನಿಯಿಲ್ಲ, ಬಿಟ್ಟುಹೋದರೆ ಹಾನಿಯುಂಟು. ದಾಖಲೆ ಇದ್ದರೆ ಮೊದಲಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರಾಯಿತು. ತಡವಾಗಿ ಬಂದ ಮಕ್ಕಳಿಗೆ ವಯಸ್ಸಿನ ಮಿತಿಗಳಿವೆ. ಬಿಸಿಜಿ ಒಂದು ವರ್ಷದೊಳಗೆ. ಪೆಂಟಾವೇಲೆಂಟ್‌ನ ಮೊದಲ ಡೋಸ್ ಒಂದು ವರ್ಷದೊಳಗೆ ಬಿದ್ದಿದ್ದರೆ ಉಳಿದವನ್ನು ಆಮೇಲೂ ಮುಗಿಸಬಹುದು. ದಡಾರ-ರುಬೆಲ್ಲಾ ಐದು ವರ್ಷದವರೆಗೆ, ಡಿಪಿಟಿ ಏಳು ವರ್ಷದವರೆಗೆ. ಹತ್ತು ಮತ್ತು ಹದಿನಾರನೇ ವಯಸ್ಸಿಗೆ ಟಿಡಿ ಇದೆ. ಮಗು ದೊಡ್ಡದಾಯಿತು, ಇನ್ನೇನು ಲಸಿಕೆ ಎಂದು ಯಾರಾದರೂ ವಾಪಸ್ ಕಳಿಸಿದರೆ ಈ ಪಟ್ಟಿಯನ್ನು ನೆನಪಿಸಿ.

ಕಿಕ್ಕಿರಿದ ಜೋಪಡಿಗಳಲ್ಲಿ ದಡಾರ ಹಬ್ಬುವ ವೇಗ ನೋಡಿದವರಿಗೆ ಗೊತ್ತು. ಬೇರೆಲ್ಲ ಬಿಟ್ಟರೂ ದಡಾರದ ಎರಡು ಡೋಸ್ ತಪ್ಪದಿರಲಿ.

ಬಸುರಿ, ಬಾಣಂತಿ

ಗರ್ಭಿಣಿ ಎಂದು ಗೊತ್ತಾದ ಕೂಡಲೇ ತಾಯಿ ಕಾರ್ಡ್ ಮಾಡಿಸಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ಇರುತ್ತದೆ. ಹಿಮೋಗ್ಲೋಬಿನ್, ರಕ್ತದೊತ್ತಡ, ಸಕ್ಕರೆ, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆಗಳನ್ನು ಕೇಳಿ ಮಾಡಿಸಿಕೊಳ್ಳಿ. ಕೊನೆಯದನ್ನು ಒತ್ತಿ ಹೇಳುತ್ತಿದ್ದೇನೆ. ಟಿಬೆಟನ್ನರಲ್ಲಿ ಹೆಪಟೈಟಿಸ್ ಬಿ ಹೆಚ್ಚು ಎಂಬುದು ಬೈಲುಕುಪ್ಪೆಯ ವೈದ್ಯರಿಗೆ ತಿಳಿದ ವಿಷಯ, ಮ್ಯಾನ್ಮಾರ್ ಕಡೆಯವರಲ್ಲೂ ಅದು ಅಪರೂಪವಲ್ಲ. ತಾಯಿಯಲ್ಲಿ ವೈರಸ್ ಇದ್ದರೆ ಮಗು ಹುಟ್ಟಿದ 24 ಗಂಟೆಯೊಳಗೆ ಲಸಿಕೆಯ ಮೊದಲ ಡೋಸ್ ಬೀಳಲೇಬೇಕು. ಮನೆಯಲ್ಲಿ ಹೆರಿಗೆಯಾದರೆ ಈ ಅವಕಾಶ ಕೈತಪ್ಪುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧವೂ ಉಚಿತ.

2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ಬಂದ ಪ್ರತಿ ಹೆಣ್ಣಿಗೂ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ, ಓಡಾಟದ ವಾಹನ ಉಚಿತ. ನಗದು ಸಹಾಯಧನದ ಯೋಜನೆಗಳು ಬೇರೆ. ಅವು ಬಿಪಿಎಲ್ ಕಾರ್ಡು ಕೇಳುತ್ತವೆ, ಅದಕ್ಕಾಗಿ ಜಗಳಕ್ಕೆ ನಿಲ್ಲುವುದರಲ್ಲಿ ಅರ್ಥವಿಲ್ಲ. ಹೆರಿಗೆ ಕೋಣೆಯಲ್ಲಿ ಯಾರಾದರೂ ದುಡ್ಡು ಕೇಳಿದರೆ ಆಗ ಮಾತ್ರ ನಿಲ್ಲಿ, ವೈದ್ಯಾಧಿಕಾರಿಗೆ ಬರಹದಲ್ಲಿ ದೂರು ಕೊಡಿ.

ಆಸ್ಪತ್ರೆಯಿಂದ ಹೊರಡುವ ಮುನ್ನ ಜನನ ನೋಂದಣಿ ಆಗಿದೆಯೇ ನೋಡಿ. 1969ರ ಜನನ ಮರಣ ನೋಂದಣಿ ಕಾಯ್ದೆ ಈ ನೆಲದಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಅನ್ವಯ, ಗಡುವು 21 ದಿನ. ಜನನ ಪ್ರಮಾಣಪತ್ರದಿಂದ ಪೌರತ್ವ ಬರುವುದಿಲ್ಲ. ಆದರೆ ಅದಿಲ್ಲದ ಮಗು ಎಲ್ಲಿ, ಯಾರಿಗೆ ಹುಟ್ಟಿತೆಂದು ತೋರಿಸಲು ಯಾವ ಕಾಗದವೂ ಇರುವುದಿಲ್ಲ.

ಎರಡು ವಾರ ಕೆಮ್ಮಿದರೆ

ಸಾಧ್ಯವಿದ್ದರೆ ಇದೊಂದು ಭಾಗವನ್ನು ನಿಮ್ಮ ಮೇಸ್ತ್ರಿಗೂ ಮನೆ ಮಾಲೀಕರಿಗೂ ಓದಿ ಹೇಳಿ.

ಹಸಿವು, ಕ್ಯಾಂಪಿನ ಇಕ್ಕಟ್ಟು, ತಿಂಗಳುಗಟ್ಟಲೆ ಪ್ರಯಾಣ. ಕ್ಷಯಕ್ಕೆ ಇದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ. ಟಿಬೆಟನ್ನರ ಅನುಭವ ನಮ್ಮ ಕಣ್ಣೆದುರಿಗಿದೆ. ಮಠಗಳ, ವಸತಿ ಶಾಲೆಗಳ ಸಾಲು ಹಾಸಿಗೆಗಳಲ್ಲಿ ಮಲಗಿದ ಹುಡುಗರಲ್ಲಿ ಕ್ಷಯ ದಶಕಗಳ ಕಾಲ ಕಾಡಿತು. ಕಾಯಿಲೆ ಬಿದ್ದವರು ಬರಲಿ ಎಂದು ಕಾಯುವುದನ್ನು ಬಿಟ್ಟು ಧರ್ಮಶಾಲಾದ ಡೆಲೆಕ್ ಆಸ್ಪತ್ರೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಜ್ಞರ ಜೊತೆ ಸೇರಿ ಶಾಲೆಗಳಿಗೇ, ಮಠಗಳಿಗೇ ಹೋಗಿ ಮಕ್ಕಳನ್ನು ತಪಾಸಣೆ ಮಾಡಿತು. ರೋಗ ಇದ್ದವರಿಗೆ ಚಿಕಿತ್ಸೆ, ಸೋಂಕು ಮಾತ್ರ ಇದ್ದವರಿಗೆ ತಡೆಗಟ್ಟುವ ಮಾತ್ರೆ ಕೊಟ್ಟಿತು. ಹೊಸ ನಿರಾಶ್ರಿತ ಕಾಲೊನಿಗಳಲ್ಲೂ ಕೆಲಸ ಹೀಗೆಯೇ ನಡೆಯಬೇಕೆಂಬುದು ನನ್ನ ಅಭಿಪ್ರಾಯ. ಚಿಂದಿ ಆಯುವವನು ದಿನದ ದುಡಿಮೆ ಬಿಟ್ಟು, ಸರತಿಯಲ್ಲಿ ನಿಂತು, ಕೆಮ್ಮಿಗೆ ಪರೀಕ್ಷೆ ಮಾಡಿಸಿಕೊಳ್ಳುತ್ತಾನೆಂದು ನಂಬಿ ಕೂರುವುದು ಸರಿಯಲ್ಲ.

ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕುತ್ತಿಗೆಯಲ್ಲಿ ಗಂಟು. ಇವುಗಳಲ್ಲಿ ಯಾವುದಿದ್ದರೂ ಕಫ ಪರೀಕ್ಷೆಗೆ ಕರೆದೊಯ್ಯಿರಿ. ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಯಂತ್ರದ ಪರೀಕ್ಷೆ ಕೇಳಿ. ಟ್ರೂನ್ಯಾಟ್ ತಂತ್ರಜ್ಞಾನ ಬೆಂಗಳೂರಿನ ಪ್ರಯೋಗಾಲಯದಲ್ಲೇ ರೂಪುಗೊಂಡದ್ದು. ಅದು ರೋಗಾಣುವನ್ನಷ್ಟೇ ಅಲ್ಲದೆ ಮುಖ್ಯ ಔಷಧವೊಂದಕ್ಕೆ ಅದು ಬಗ್ಗುತ್ತದೆಯೋ ಇಲ್ಲವೋ ಎಂಬುದನ್ನೂ ತಿಳಿಸುತ್ತದೆ. ಪರೀಕ್ಷೆ ಉಚಿತ, ಔಷಧ ಉಚಿತ, ಸಾಧಾರಣ ಕ್ಷಯಕ್ಕೆ ಚಿಕಿತ್ಸೆ ಆರು ತಿಂಗಳು.

ಮಾತ್ರೆ ಶುರುವಾದ ದಿನವೇ ರೋಗಿಗೆ ಅವರ ಭಾಷೆಯಲ್ಲಿ ಒಂದು ಮಾತು ತಿಳಿಸಿ: ಮೂತ್ರ ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದು ರಕ್ತವಲ್ಲ, ರಿಫಾಂಪಿಸಿನ್ ಎಂಬ ಔಷಧದ ಬಣ್ಣ. ಹೇಳದೆ ಹೋದರೆ ಹೆದರಿ ಮಾತ್ರೆ ನಿಲ್ಲಿಸುತ್ತಾರೆ. ಎರಡನೇ ಮಾತು: ಒಂದೆರಡು ತಿಂಗಳಲ್ಲಿ ಮೈ ಹಗುರಾಗುತ್ತದೆ, ಆಗ ನಿಲ್ಲಿಸಬಾರದು. ಮೂರನೆಯದು: ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಅದೇ ದಿನ ಬರಬೇಕು.

ನಿರಾಶ್ರಿತರು ಒಂದೇ ಕಡೆ ನಿಲ್ಲುವುದಿಲ್ಲ. ಶೆಡ್ಡು ಖಾಲಿ ಮಾಡಿಸುತ್ತಾರೆ, ಹೈದರಾಬಾದಿಗೋ ಜಮ್ಮುವಿಗೋ ನೆಂಟರಿದ್ದಲ್ಲಿಗೆ ಹೋಗಿಬಿಡುತ್ತಾರೆ. ಕ್ಷಯ ರೋಗಿಗೆ ಸಿಗುವ ನಿಕ್ಷಯ್ ಸಂಖ್ಯೆಯನ್ನು ಅದಕ್ಕಾಗಿ ಬಾಯಿಪಾಠ ಮಾಡಿಸಿ. ದೇಶದ ಯಾವುದೇ ಸರ್ಕಾರಿ ಕೇಂದ್ರದಲ್ಲಿ ಆ ಸಂಖ್ಯೆ ಹೇಳಿದರೆ ಹಳೆಯ ಚಿಕಿತ್ಸೆ ಮುಂದುವರಿಯುತ್ತದೆ. ಸಹಾಯವಾಣಿ 1800-11-6666. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ ಕೊಡುವ ಹಣ 2024ರ ನವೆಂಬರಿನಿಂದ 500ರಿಂದ 1,000 ರೂಪಾಯಿಗೆ ಏರಿದೆ. ಆದರೆ ಅದು ಬ್ಯಾಂಕ್ ಖಾತೆಗೇ ಬರುತ್ತದೆ, ಖಾತೆ ಇಲ್ಲದವರಿಗೆ ತಲುಪುವುದಿಲ್ಲ. ಇಲ್ಲಿ ಊರಿನವರು ಮಾಡಬಹುದಾದ ಕೆಲಸವಿದೆ. 'ನಿಕ್ಷಯ್ ಮಿತ್ರ'ರಾಗಿ ನೋಂದಾಯಿಸಿಕೊಂಡು ರೋಗಿಗೆ ಆರು ತಿಂಗಳು ಬೇಳೆ, ಮೊಟ್ಟೆ, ಎಣ್ಣೆ ಕೊಡಿಸಬಹುದು. ಹೊಟ್ಟೆಗಿಲ್ಲದವನಿಗೆ ಈ ಮಾತ್ರೆಗಳನ್ನು ತಡೆದುಕೊಳ್ಳುವುದು ಕಷ್ಟ.

ಜೊತೆಯಲ್ಲಿ ವಾಸಿಸುವವರೆಲ್ಲರ ತಪಾಸಣೆ ಆಗಬೇಕು. ರೋಗವಿಲ್ಲದವರಿಗೂ ತಡೆಗಟ್ಟುವ ಚಿಕಿತ್ಸೆ ಇದೆ, ಕೇಳಿ ಪಡೆಯಿರಿ.

ತುರ್ತಿನಲ್ಲಿ

108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ, ಬಿಲ್ಲಿಲ್ಲ, ಗುರುತಿನ ಚೀಟಿಯ ಪ್ರಶ್ನೆಯಿಲ್ಲ. ವಿಳಾಸವಿಲ್ಲದ ಜೋಪಡಿಗೆ ದಾರಿ ಹೇಳುವುದು ಕಷ್ಟವಾದ್ದರಿಂದ ಹತ್ತಿರದ ಗೋದಾಮು, ಮಸೀದಿ, ಬಸ್ ಸ್ಟಾಪಿನ ಹೆಸರನ್ನು ಕನ್ನಡದಲ್ಲಿ ಹೇಳಲು ಮನೆಗೊಬ್ಬರಿಗೆ ಕಲಿಸಿಕೊಡಿ.

ತುರ್ತು ರೋಗಿಯನ್ನು ಸರ್ಕಾರಿ ಆಸ್ಪತ್ರೆ ವಾಪಸ್ ಕಳಿಸುವಂತಿಲ್ಲ. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೃಷಿ ಕಾರ್ಮಿಕನೊಬ್ಬನನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಟ್ಟಿದ್ದರು. 1996ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು ಸಾರಿ ಪರಿಹಾರ ಕೊಡಿಸಿತು. ಅದೇ ವರ್ಷ ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ, ಪೌರನಾಗಿರಲಿ ಅಲ್ಲದಿರಲಿ, ಪ್ರತಿ ಮನುಷ್ಯನ ಜೀವವನ್ನು ಕಾಪಾಡುವುದು ರಾಜ್ಯದ ಹೊಣೆ ಎಂದಿತು. ಖಾಸಗಿ ಆಸ್ಪತ್ರೆಗಳೂ ಅಪಘಾತದಂಥ ಪ್ರಕರಣಗಳಲ್ಲಿ ಪ್ರಥಮ ಚಿಕಿತ್ಸೆ ಕೊಟ್ಟು ಜೀವ ಉಳಿಸುವ ಕ್ರಮ ಕೈಗೊಳ್ಳಲೇಬೇಕೆಂದು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ಅತ್ಯಾಚಾರಕ್ಕೆ, ಆ್ಯಸಿಡ್ ದಾಳಿಗೆ ಒಳಗಾದವರಿಗೆ ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕು. ಊರು ಬಿಟ್ಟು ಓಡುವ ದಾರಿಯಲ್ಲಿ ಹೆಣ್ಣುಮಕ್ಕಳಿಗೆ ಏನಾಗಿರುತ್ತದೋ ಅವರು ಹೇಳಲಾರರು. ಹೀಗೊಂದು ಅವಕಾಶವಿದೆ ಎಂಬ ಮಾತು ಅವರ ಕಿವಿಗೆ ಬಿದ್ದಿರಲಿ.

ಚಿಂದಿ ಆಯುವವರಿಗೆ ಬರುವ ತೊಂದರೆಗಳು ಗೊತ್ತಿರುವಂಥವೇ. ನಾಯಿ ಕಚ್ಚಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಚುಚ್ಚುಮದ್ದು ಉಚಿತ. ಮೊದಲ ದಿನವನ್ನು ಸೊನ್ನೆ ಎಂದು ಎಣಿಸಿ ಆಮೇಲೆ 3, 7, 28ನೇ ದಿನ. ಕಸದಲ್ಲಿದ್ದ ಸೂಜಿ ಚುಚ್ಚಿದರೆ 72 ಗಂಟೆ ಮೀರುವ ಮುನ್ನ, ಆದಷ್ಟು ಬೇಗ, ಎಚ್‌ಐವಿ ತಡೆಯುವ ಔಷಧದ ಬಗ್ಗೆ ವಿಚಾರಿಸಿ. ಕಜ್ಜಿಗೆ ಮನೆಮಂದಿಯೆಲ್ಲ ಒಂದೇ ರಾತ್ರಿ ಕುತ್ತಿಗೆಯಿಂದ ಕಾಲಿನವರೆಗೆ ಮುಲಾಮು ಹಚ್ಚಬೇಕು, ಒಬ್ಬರಿಗೆ ಮಾತ್ರ ಹಚ್ಚಿದರೆ ಮರಳಿ ಬರುತ್ತದೆ.

ಸಕ್ಕರೆ ಕಾಯಿಲೆ, ಬಿಪಿ ಇರುವ ಹಿರಿಯರ ಮಾತ್ರೆ ಓಡಿಬಂದ ದಿನದಿಂದಲೇ ನಿಂತಿರುತ್ತದೆ. ಖಾಲಿ ಮಾತ್ರೆ ಪಟ್ಟಿ ಚೀಲದಲ್ಲಿ ಉಳಿದಿದ್ದರೆ ಎಸೆಯಲು ಬಿಡಬೇಡಿ, ವೈದ್ಯರಿಗೆ ಅದೇ ಕಡತ. ಪಿಎಚ್‌ಸಿಯಲ್ಲಿ, ನಗರದ ನಮ್ಮ ಕ್ಲಿನಿಕ್‌ಗಳಲ್ಲಿ ಈ ಮಾತ್ರೆಗಳು ಸಿಗುತ್ತವೆ.

ಭಾಷೆ ಮತ್ತು ಮನಸ್ಸು

ಹತ್ತು ವರ್ಷದ ಹುಡುಗಿ ಶಾಲೆಯಲ್ಲಿ ಕನ್ನಡ ಕಲಿತಿರುತ್ತಾಳೆ. ಅಮ್ಮನನ್ನು ಆಸ್ಪತ್ರೆಗೆ ಕರೆತರುವವಳು ಅವಳೇ, ವೈದ್ಯರ ಪ್ರಶ್ನೆಯನ್ನು ತಿಳಿಸುವವಳೂ ಅವಳೇ. ಮುಟ್ಟು ನಿಂತದ್ದು, ರಕ್ತಸ್ರಾವ, ಗಂಡನ ಹೊಡೆತ, ಕಳೆದುಕೊಂಡ ಮಗು, ಇದೆಲ್ಲವನ್ನೂ ಆ ಮಗುವಿನ ಬಾಯಿಂದ ಹೇಳಿಸಬಾರದು. ಅಮ್ಮ ಹೇಳುವುದೂ ಇಲ್ಲ, ಹೊಟ್ಟೆನೋವು ಎಂದಷ್ಟೇ ಹೇಳಿ ಎದ್ದು ಬರುತ್ತಾಳೆ. ಗಂಡ ದುಭಾಷಿಯಾದರೂ ಇದೇ ಪಾಡು. ಅದೇ ಸಮುದಾಯದ ವಯಸ್ಕ ಹೆಂಗಸೊಬ್ಬಳನ್ನು ಹುಡುಕಿ. ಸಿಗದಿದ್ದರೆ ಬೇರೆ ಊರಿನಲ್ಲಿರುವ ನೆಂಟರ ಹೆಂಗಸಿಗೆ ಫೋನ್ ಮಾಡಿ, ಸ್ಪೀಕರಿನಲ್ಲಿ ಇಟ್ಟು ಮಾತಾಡಿಸಬಹುದು.

ಯಾವ ಭಾಷೆ ಎಂದು ಮೊದಲೇ ಕೇಳಿ. ಮ್ಯಾನ್ಮಾರಿನಿಂದ ಬಂದವರೆಂದರೆ ಎಲ್ಲರೂ ಬರ್ಮೀಸ್ ಮಾತಾಡುವುದಿಲ್ಲ. ರೋಹಿಂಗ್ಯಾ ಭಾಷೆ ಚಿತ್ತಗಾಂಗ್ ಕಡೆಯ ಮಾತಿಗೆ ಹತ್ತಿರ. ಚಿನ್ ಜನರಲ್ಲೇ ಒಬ್ಬರದು ಇನ್ನೊಬ್ಬರಿಗೆ ತಿಳಿಯದ ಹಲವು ಭಾಷೆಗಳಿವೆ. ಅಫ್ಘನ್ನರಲ್ಲಿ ದರಿ ಮಾತಾಡುವವರಿದ್ದಾರೆ, ಪಶ್ತೊ ಮಾತಾಡುವವರಿದ್ದಾರೆ. ಹಲವರಿಗೆ ಹಿಂದಿ, ಉರ್ದು ಸ್ವಲ್ಪ ಬರುತ್ತದೆ, ಆದರೆ ಸಂತೆಯ ಹಿಂದಿಯಲ್ಲಿ ಎದೆನೋವನ್ನು ವಿವರಿಸಲಾಗದು.

ಮನಸ್ಸಿನ ನೋವು ಬಹುತೇಕ ದೇಹದ ನೋವಾಗಿಯೇ ಆಸ್ಪತ್ರೆಗೆ ಬರುತ್ತದೆ. ತಲೆಭಾರ, ಎದೆ ಉರಿ, ನಿದ್ದೆ ಇಲ್ಲ, ಮೈಯೆಲ್ಲ ನೋವು. ಗ್ಯಾಸಿನ ಮಾತ್ರೆ, ನೋವಿನ ಮಾತ್ರೆ ಕೊಟ್ಟು ಕಳಿಸುತ್ತಾರೆ, ಅದು ಮರುವಾರ ಮತ್ತೆ ಬರುತ್ತದೆ. ವೈದ್ಯರಿಗೆ ನನ್ನ ವಿನಂತಿ: ನಿರಾಶ್ರಿತರೆಂದು ಗೊತ್ತಾದ ಮೇಲೆ 'ನಿದ್ದೆ ಹೇಗಿದೆ, ಕನಸು ಕಾಡುತ್ತದೆಯೇ' ಎಂದು ಕೇಳಿ. 'ಅಲ್ಲಿ ಏನಾಯಿತು' ಎಂದು ಮೊದಲ ದಿನವೇ ಕೆದಕಬೇಡಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಗಲು ರಾತ್ರಿ ತುರ್ತು ವಿಭಾಗವಿದೆ. ಟೆಲಿ-ಮನಸ್ 14416ಕ್ಕೆ ಕರೆ ಮಾಡಿದರೆ ಹಿಂದಿ, ತಮಿಳು, ಬಂಗಾಳಿ ಸೇರಿ ಹಲವು ಭಾಷೆಗಳಲ್ಲಿ ಆಪ್ತಸಮಾಲೋಚಕರು ಸಿಗುತ್ತಾರೆ.

ದೊಡ್ಡ ಕಾಯಿಲೆ ಬಂದರೆ

ದಾರಿ ಇಕ್ಕಟ್ಟಾಗುವುದು ಇಲ್ಲಿ. ಕ್ಯಾನ್ಸರ್, ಹೃದಯದ ಶಸ್ತ್ರಚಿಕಿತ್ಸೆ, ಡಯಾಲಿಸಿಸ್, ಇಂಥವಕ್ಕೆ ನಮ್ಮ ಬಡವರಿಗೆ ಆಸರೆಯಾಗಿರುವ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ ರೇಷನ್ ಕಾರ್ಡಿನ ಮೇಲೆ ನಿಂತಿದೆ. ಹೊಸದಾಗಿ ಬಂದ ನಿರಾಶ್ರಿತರಿಗೆ ಅದು ಸಿಗುವುದಿಲ್ಲ, ಸಿಗುತ್ತದೆಂದು ಆಸೆ ಹುಟ್ಟಿಸಬೇಡಿ. ಯುಎನ್‌ಎಚ್‌ಸಿಆರ್ ಮತ್ತು ಅದರ ಜೊತೆ ಕೆಲಸ ಮಾಡುವ ಸಂಸ್ಥೆಗಳಿಗೆ ವೈದ್ಯರ ಪತ್ರ, ಖರ್ಚಿನ ಅಂದಾಜು ಕಳಿಸಿ ನೆರವು ಕೇಳಬಹುದು. ಹಣ ಕಡಿಮೆ, ಎಲ್ಲ ಅರ್ಜಿಗೂ ಒಪ್ಪಿಗೆ ಬರುವುದಿಲ್ಲ, ಆದರೂ ಕಾಯಿಲೆ ತಿಳಿದ ವಾರದಲ್ಲೇ ಕಳಿಸಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರು ಇರುತ್ತಾರೆ. ಬಿಲ್ ಕೌಂಟರಿಗಿಂತ ಮೊದಲು ಅವರ ಕೋಣೆಗೆ ಹೋಗಿ. ಬಡರೋಗಿಗಳ ನಿಧಿ, ದಾನಿಗಳ ವ್ಯವಸ್ಥೆ ಅವರಿಗೆ ಗೊತ್ತಿರುತ್ತದೆ. ಮನೆ ಮಾರಿಯಾದರೂ ಕಟ್ಟುತ್ತೇವೆ ಎನ್ನಲು ಇವರಿಗೆ ಮನೆಯಿಲ್ಲ. ಹಾಗಾಗಿ ಚಿಕಿತ್ಸೆ ಶುರುವಾಗುವ ಮುನ್ನವೇ ಒಟ್ಟು ಖರ್ಚು ಎಷ್ಟು, ಅರ್ಧದಲ್ಲಿ ನಿಂತರೆ ಏನಾಗುತ್ತದೆ ಎಂದು ವೈದ್ಯರನ್ನು ನೇರವಾಗಿ ಕೇಳಬೇಕು.

ಆರೋಗ್ಯ ಇಲಾಖೆಗೆ ಒಂದು ಕೋರಿಕೆ ಇದೆ. ಆಧಾರ್ ಇಲ್ಲದವರಿಗೂ ಯಾವ ಯಾವ ಸೇವೆ ಕೊಡಬೇಕು ಎಂದು ಕೌಂಟರಿನ ಸಿಬ್ಬಂದಿಗೆ ಯಾರೂ ಒಂದೇ ಕಡೆ ಬರೆದುಕೊಟ್ಟಿಲ್ಲ. ಅದರಿಂದ ಒಬ್ಬ ನರ್ಸ್ ಕೊಟ್ಟದ್ದನ್ನು ಇನ್ನೊಬ್ಬರು ನಿರಾಕರಿಸುತ್ತಾರೆ, ರೋಗಿಯ ಪಾಲಿಗೆ ಅದು ಅದೃಷ್ಟದ ವಿಷಯವಾಗುತ್ತದೆ. ಲಸಿಕೆ, ಗರ್ಭಿಣಿ ತಪಾಸಣೆ, ಹೆರಿಗೆ, ಕ್ಷಯ, ಎಚ್‌ಐವಿ, ಹೆಪಟೈಟಿಸ್, ನಾಯಿ ಕಡಿತ, ತುರ್ತು ಚಿಕಿತ್ಸೆ, ಈ ಎಂಟಕ್ಕೆ ಗುರುತಿನ ಚೀಟಿ ಇಲ್ಲದಿದ್ದರೂ ಯಾರನ್ನೂ ವಾಪಸ್ ಕಳಿಸಬಾರದು ಎಂಬ ಒಂದು ಪುಟದ ಸುತ್ತೋಲೆ ಹೊರಡಿಸಿ, ಪ್ರತಿ ಪಿಎಚ್‌ಸಿಯ ಚೀಟಿ ಕೌಂಟರಿನ ಮೇಲೆ ಅಂಟಿಸಲಿ. ಇದಕ್ಕೆ ಹೊಸ ಯೋಜನೆ ಬೇಕಿಲ್ಲ, ಹೊಸ ಅನುದಾನವೂ ಬೇಕಿಲ್ಲ.